ತಿರುಗಿಸದೆ ಕತ್ತರಿಸಿದ ಮಾತು

ಮಾರ್ಚ್ 3, ಸೋಮವಾರ. ಬೆಳಿಗ್ಗೆ

ಮಹಾಜನಗಳೇ! ಮುಂದಿನ ಸಾಲಿನಲ್ಲಿ ಕೈಕಟ್ಟಿ ಕುಳಿತ ಕುರ್ಚಿಗಳೇ! ಗ್ಯಾಲರಿಯಲ್ಲಿ ಬಾಯಿ ತೆರೆದು ನಿಂತ ಬೀರುವೇ! ಟಿಕೆಟ್ಟಿಲ್ಲದೆ ಒಳನುಗ್ಗಿದ ನೊಣಗಳೇ! ಸದ್ದು, ಸದ್ದು. ಇದೋ ಹೀಟ್ ಪ್ರೆಸ್ ಬಾಯಿ ಮುಚ್ಚಿದೆ. ಒಳಗೆ ನೀಲಿ ಜೆರ್ಸಿ. ಜೆರ್ಸಿಯ ಬೆನ್ನಿಗೆ, ಅಂಟು ಬಳಿದ ಬಿಳಿ ವಿನೈಲ್ ಹಾಳೆಯಿಂದ ಕತ್ತರಿಸಿದ ಒಂಬತ್ತು. ಈಗ ಬೀಪ್ ಎನ್ನುತ್ತದೆ... ಎಂದಿತು. ಎಲ್ಲಿ ಚಪ್ಪಾಳೆ?

ಇಲ್ಲ. ಈ ಮನೆಯ ಪ್ರೇಕ್ಷಕರು ಮೊದಲಿನಿಂದಲೂ ಬಿಗಿ.

ಪ್ರೆಸ್ ತೆರೆದೆ. ಬಿಸಿ ಬಟ್ಟೆಯ ವಾಸನೆ. ತಣ್ಣಗಾಗಲು ಬಿಟ್ಟೆ. ಮೇಲಿನ ಪಾರದರ್ಶಕ ಹಾಳೆ ಮೆಲ್ಲಗೆ ಸುಲಿದೆ. ಒಂಬತ್ತು ಬಟ್ಟೆಯಲ್ಲೇ ನಿಂತಿತು, ಹಾಳೆ ಕೈಗೆ ಬಂತು. ಎಷ್ಟು ಸಲ ಮಾಡಿದರೂ ಈ ಗಳಿಗೆಯಲ್ಲಿ ಎದೆ ಒಮ್ಮೆ ಡವಗುಟ್ಟುತ್ತದೆ. ತೆರೆ ಏಳುವ ಮುಂಚಿನ ಹಾಗೆ.

ಇದು ನನ್ನ ಹೆಂಡತಿಯ ಕೆಲಸ. ನಾಟಕ ಕಂಪನಿ ಮುಚ್ಚಿದ ಮೇಲೆ ಅವಳು ಹಿಡಿದದ್ದು. ಅಂಗಿಗಳ ಮೇಲೆ ಹೆಸರು, ನಂಬರು, ಅಂಗಡಿಗಳ ಗುರುತು. ಡಿಸೆಂಬರಿನಲ್ಲಿ ಅವಳು ಹೋದಳು. ಕೆಲಸ ಉಳಿಯಿತು. ಮಗಳು ಕಣ್ಣಾಸ್ಪತ್ರೆಗೆ ಡ್ಯೂಟಿಗೆ ಹೋಗುವ ಮುಂಚೆ ಕಂಪ್ಯೂಟರಿನಲ್ಲಿ ಕಟಿಂಗ್ ಮುಗಿಸುತ್ತಾಳೆ. ಅಕ್ಷರದ ಸುತ್ತಲಿನ ಬೇಡದ ವಿನೈಲನ್ನು ಕೊಕ್ಕೆಯಿಂದ ಕೀಳುವುದು, ಒತ್ತುವುದು, ಸುಲಿಯುವುದು ನನ್ನ ಪಾರ್ಟು.

ಇವತ್ತು ಅವಸರ. ಫುಟ್‌ಬಾಲ್ ಕೋಚ್‌ಗೆ ಇನ್ನೂ ಕೆಲವು ಹೆಸರು ಬೇಕಂತೆ. ಮಗಳು ಹೊರಟುಹೋಗಿದ್ದಾಳೆ. ಏನು ಮಹಾ! ಕಟರ್ ಮಶಿನ್ ನಾನೇ ಓಡಿಸುತ್ತೇನೆ. ಕಿರೀಟ ಹೊತ್ತ ತಲೆಗೆ ಕಂಪ್ಯೂಟರು ಒಂದು ಲೆಕ್ಕವೇ?

ಮಾರ್ಚ್ 5, ಬುಧವಾರ

ಲೆಕ್ಕವೇ. ಮಾನ ಹೋಯಿತು.

ಕೋಚ್ ಬಂದ. ಅಂಗಿ ಬಿಡಿಸಿ ಎತ್ತಿ ಹಿಡಿದ. ತಲೆ ಆ ಕಡೆ ವಾಲಿಸಿದ, ಈ ಕಡೆ ವಾಲಿಸಿದ.

“ಸಾರ್, ಇದು ಯಾವ ಭಾಷೆ?”

“ಯಾಕಪ್ಪಾ?”

“ಎಲ್ಲಾ ಉಲ್ಟಾ ಬಿದ್ದಿದೆ! ನಮ್ಮ ಹುಡುಗರು ಏನು ಕನ್ನಡಿ ಮುಂದೆ ನಿಂತ್ಕೊಂಡು ಆಡ್ಬೇಕಾ?”

ವಿನೈಲನ್ನು ಹಿಂದಿನ ಅಂಟು ಬದಿಯಿಂದ ಕತ್ತರಿಸುವುದು. ಆಮೇಲೆ ಮಗುಚಿ ಬಟ್ಟೆಗೆ ಒತ್ತುವುದು. ಹಾಗಾಗಿ ಕತ್ತರಿಸುವ ಮುಂಚೆಯೇ ಕಂಪ್ಯೂಟರಿನಲ್ಲಿ ಅಕ್ಷರವನ್ನು ಎಡಬಲ ತಿರುಗಿಸಬೇಕು. ಮಿರರ್ ಅಂತ ಒಂದು ಬಟನ್. ಮರೆತರೆ ಅಂಗಿಯ ಮೇಲೆ ಅಕ್ಷರ ಹಿಂದುಮುಂದು. ಮೊದಲ ದಿನವೇ ಕಲಿಯುವ ಪಾಠ. ಅವಳು ಎಷ್ಟೋ ವರ್ಷದಲ್ಲಿ ಒಂದು ಸಲವೂ ಮರೆತವಳಲ್ಲ. ನಾನು ಮೊದಲ ಸಲಕ್ಕೇ ಮರೆತೆ.

ಕೋಚ್ ಬಿಡಲಿಲ್ಲ. “ಆಯ್ತು ಸಾರ್, ಯಾವಾಗ ಸರಿ ಮಾಡ್ಕೊಡ್ತೀರ?”

ಯಾವ ದಿನ ಹೇಳಲಿ?

ಆಗ ಎಡಗಡೆ, ನಡುಮನೆಗೂ ಈ ಕೋಣೆಗೂ ನಡುವಿನ ಕೆಂಪು ಪರದೆಯ ಹಿಂದಿನಿಂದ—

“ಶನಿವಾರ.”

“ಶನಿವಾರ!” ಎಂದೆ, ವರ ಕೊಟ್ಟವನ ಹಾಗೆ. ಕೋಚ್ ಒಪ್ಪಿ ಹೋದ.

ಬರೆಯಲೇಬೇಕು. ಇದು ಮೊದಲ ಸಲವಲ್ಲ. ಅವಳು ನಮ್ಮ ಕಂಪನಿಯ ಪ್ರಾಂಪ್ಟರ್ ಆಗಿದ್ದಳು. ನಟ ಮಾತು ಮರೆತರೆ ಸೈಡ್ ವಿಂಗ್‌ನಲ್ಲಿ ನಿಂತು ಪಿಸುಮಾತಿನಲ್ಲಿ ಎತ್ತಿಕೊಡುವವಳು. ಎಡಗಡೆ ವಿಂಗ್. ನನ್ನ ಎಡಗಿವಿ ಅವಳದ್ದೇ ಆಸ್ತಿ. ಈ ಪರದೆಯೂ ಕಂಪನಿ ಮುಚ್ಚಿದಾಗ ಮುಂದಿನ ತೆರೆಯಿಂದ ಅವಳು ಕತ್ತರಿಸಿ ತಂದ ತುಂಡು. ಕೊನೆಯ ವರ್ಷ ಗಂಟಲಿನ ಆಪರೇಷನ್ ಆಗಿ ದನಿ ಪೂರ್ತಿ ಹೋಗಿತ್ತು. ಹೌದು ಎನ್ನಲು ಒಂದು ಚಪ್ಪಾಳೆ, ಇಲ್ಲ ಎನ್ನಲು ಎರಡು. ಬದುಕಿದ್ದಾಗ ಕಳೆದುಕೊಂಡ ಪಿಸುಮಾತು ಈಗ ಅವಳಿಗೆ ಮರಳಿ ಸಿಕ್ಕಿದೆ.

ಪರದೆ ಸರಿಸಿ ನೋಡಿದೆ. ಇಸ್ತ್ರಿ ಟೇಬಲ್ಲು. ಮಡಿಸಿದ ಬಟ್ಟೆ. ಅಷ್ಟೇ.

ಮಾರ್ಚ್ 6, ಗುರುವಾರ. ರಾತ್ರಿ

ಉಲ್ಟಾ ಹೆಸರುಗಳನ್ನು ಕಿತ್ತೆ. ಹಿಂಬದಿಯಿಂದ ಬಿಸಿ ಕೊಡಬೇಕು, ಅಂಟು ಸಡಿಲವಾಗುವಾಗ ಚಿಮುಟದಿಂದ ಎಳೆಯಬೇಕು. ಬಂತು. ಆದರೆ ಎಲ್ಲಾ ಬರಲಿಲ್ಲ. ಅಕ್ಷರ ಹೋದ ಜಾಗದಲ್ಲಿ ಅಕ್ಷರದ್ದೇ ಆಕಾರದ ಮಂಕು ಗುರುತು. ಬೆಳಕಿಗೆ ಹಿಡಿದರೆ ಕಾಣುತ್ತದೆ, ಮಡಿಸಿದರೆ ಮಾಯ. ಉಜ್ಜಿದೆ. ತೊಳೆದೆ. ಅಲ್ಲೇ ಇದೆ.

ಹೊಸ ಹೆಸರನ್ನು ಅದರ ಮೇಲೆಯೇ ಒತ್ತಬೇಕಂತೆ. ಮಗಳ ಆಜ್ಞೆ.

ಕಡುಗೆಂಪು ರೋಲ್ ಬೇಕಾಗಿ ಶೆಲ್ಫಿನಿಂದ ಎಳೆದೆ. ರಟ್ಟಿನ ಕೊಳವೆಯೊಳಗೆ ಏನೋ ಗರಗರ. ಬೆರಳು ಹಾಕಿದೆ. ಸುರುಳಿ ಸುತ್ತಿ ತುರುಕಿದ ಒಂದು ವಿನೈಲ್ ತುಂಡು. ಕತ್ತರಿಸಿ ಆಗಿದೆ, ಬೇಡದ ಭಾಗ ಕಿತ್ತಿಲ್ಲ. ನೋಡಿದರೆ ಬರೀ ಕೆಂಪು ಚೌಕ. ಓರೆ ಹಿಡಿದರೆ ಕೂದಲೆಳೆಯಂಥ ಗೆರೆಗಳು ಹೊಳೆದು ಸಾಯುತ್ತವೆ.

ಸಂಜೆ ಮಗಳಿಗೆ ತೋರಿಸಿದೆ. ಕಿಟಕಿಗೆ ಹಿಡಿದು ಕಣ್ಣು ಕಿರಿದು ಮಾಡಿದಳು.

“ಇಲ್ಲೊಂದು ‘ಲು’ ಇದೆ. ನೆಟ್ಟಗೆ ಇದೆ ಅಪ್ಪಾ. ಮಿರರ್ ಹಾಕಿಲ್ಲ.”

“ಅವಳು ಮಿರರ್ ಮರೀತಾಳಾ?”

“ಕೊನೆಗೊನೆಗೆ ಅಮ್ಮಂಗೆ ಮಾತ್ರೆ ಮಂಪರು. ಏನೋ ಕತ್ತರಿಸಿರ್ಬೇಕು. ವೇಸ್ಟ್ ಅದು, ಬಿಸಾಕು.”

ಬಿಸಾಡಲಿಲ್ಲ. ದಪ್ಪ ನಿಘಂಟಿನ ಕೆಳಗೆ ಇಟ್ಟಿದ್ದೇನೆ. ಸುರುಳಿ ಬಿಡಲಿ.

ಮಾರ್ಚ್ 11, ಮಂಗಳವಾರ

ಪಿಟೀಲಣ್ಣ ಬಂದಿದ್ದ. ಕಂಪನಿಯಲ್ಲಿ ಪಿಟೀಲು ಬಾರಿಸುತ್ತಿದ್ದವ. ಹೆಸರು ಅವನಿಗೇ ಮರೆತಿದೆ. ನನ್ನನ್ನು ಇವತ್ತಿಗೂ ದೊರೆ ಎಂದೇ ಕರೆಯುವುದು.

“ದೊರೆ, ನಮ್ಮ ನಾಟಕದ ಹಾಲ್ ಕೆಡವೋದು ಗ್ಯಾರಂಟಿ ಆಯ್ತು. ತಿಂಗಳ ಕೊನೇ ಭಾನುವಾರ ಕೊನೇ ಶೋ. ಹಳಬರೆಲ್ಲಾ ಒಂದೊಂದು ಸೀನು. ನಿಂದು ಬಾಗಿಲ ಸೀನು. ಹೋದ ವರ್ಷವೇ ಮಾತು ಕೊಟ್ಟಿದ್ದೀಯ, ತಂಗಿ ಮುಂದೆ.”

ಹೌದು, ಕೊಟ್ಟಿದ್ದೆ. ಅವನು ತಂಗಿ ಎಂದು ಕರೆಯುತ್ತಿದ್ದ ನನ್ನವಳು ಪಕ್ಕದಲ್ಲಿ ಕುಳಿತು ಒಂದು ಚಪ್ಪಾಳೆ ತಟ್ಟಿದ್ದಳು.

ಬಾಗಿಲ ಸೀನು! ರಾಜ ಯುದ್ಧ ಮುಗಿಸಿ ಬಹಳ ಕಾಲದ ಮೇಲೆ ಮನೆಗೆ ಬರುತ್ತಾನೆ. ಬಾಗಿಲು ಮುಚ್ಚಿದೆ. ಒಳಗಿನಿಂದ ರಾಣಿ ಕೇಳುತ್ತಾಳೆ, “ಯಾರದು?” ರಾಜ ಎದೆಯುಬ್ಬಿಸಿ ಬಿರುದು ಹೇಳುತ್ತಾನೆ. ಏಳು ಕಡಲುಗಳ ದಡದಲ್ಲಿ ಕುದುರೆಗೆ ನೀರು ಕುಡಿಸಿದವನು! ಮೂರು ಬೆಟ್ಟಗಳನ್ನು ಮಂಡಿಯೂರಿಸಿದವನು! ಹಗೆಗಳ ನಿದ್ದೆಗೆ ಬೆಂಕಿಯಿಟ್ಟವನು! ಬಾಗಿಲು ತೆರೆಯುವುದಿಲ್ಲ. ರಾಣಿ ಮತ್ತೆ ಕೇಳುತ್ತಾಳೆ, “ಯಾರದು?” ರಾಜ ಸುಮ್ಮನಾಗುತ್ತಾನೆ. ಸುಮ್ಮನೆ... ಸುಮ್ಮನೆ... ಆಮೇಲೆ ಒಂದು ಮಾತು ಹೇಳುತ್ತಾನೆ. ಬಾಗಿಲು ತೆರೆಯುತ್ತದೆ. ತೆರೆ ಬೀಳುತ್ತದೆ.

ಆ ಸುಮ್ಮನಿರುವಿಕೆಗೆ ಜನ ಎದ್ದು ನಿಲ್ಲುತ್ತಿದ್ದರು. ನಟನೆ ಎಂದರೆ ಇದು ಎನ್ನುತ್ತಿದ್ದರು. ನಟನೆಯೂ ಇಲ್ಲ ಮಣ್ಣೂ ಇಲ್ಲ. ನನಗೆ ಮಾತು ಮರೆತಿರುತ್ತಿತ್ತು. ಕಂಪನಿಗೆಲ್ಲ ಗೊತ್ತಿದ್ದ ತಮಾಷೆ. ಪ್ರತಿ ಸಲ, ಅದೇ ಜಾಗದಲ್ಲಿ. ಮಾರುದ್ದದ ಬಿರುದುಗಳು ಗಡಗಡ ಬರುತ್ತಿದ್ದವು, ಆ ಪುಟ್ಟ ಮಾತು ಬರುತ್ತಿರಲಿಲ್ಲ. ಎಡಗಡೆಯಿಂದ ಅವಳು ಕೊಡುತ್ತಿದ್ದಳು. ನಾನು ಹೇಳುತ್ತಿದ್ದೆ. ಅಷ್ಟರಲ್ಲಿ ಚಪ್ಪಾಳೆ ಮುಗಿಲು ಮುಟ್ಟಿ ಆ ಮಾತು ಯಾರಿಗೂ ಕೇಳಿಸುತ್ತಿರಲಿಲ್ಲ. ಹೇಳಿದ ನನಗೂ ನಾಲಿಗೆಯಿಂದ ಜಾರಿ ಹೋಗುತ್ತಿತ್ತು.

“ಆ ಮಾತು ಏನೋ, ಪಿಟೀಲಣ್ಣ?”

“ನನಗೇನು ಗೊತ್ತು? ಚಪ್ಪಾಳೆ ಬಿತ್ತು ಅಂದ್ರೆ ನಾನು ಕಮಾನು ಎಳೆಯೋದು. ರಾಣಿ ಪಾರ್ಟಿನವಳೂ ತಂಗಿ ಕೈಸನ್ನೆ ನೋಡಿ ಬಾಗಿಲು ತೆಗೀತಿದ್ಲು.”

ನಾಟಕದ ಪುಸ್ತಕವನ್ನು ಗೆದ್ದಲು ತಿಂದು ಎಷ್ಟೋ ಕಾಲವಾಯಿತು. ಅವಳ ತಲೆಯೇ ಪುಸ್ತಕ. ಮನೆಯಲ್ಲಿ ಎಷ್ಟು ಸಲ ಕೇಳಿದ್ದೆ. ಹೇಳಿದವಳಲ್ಲ. ದನಿ ಇದ್ದಾಗ ಅವಳದ್ದು ಒಂದೇ ಉತ್ತರ:

“ಮನೇಲಿ ಹೇಳ್ಬಿಟ್ರೆ ಅಲ್ಲಿ ನಿಲ್ಲಲ್ಲ ರೀ ನೀವು. ರೈಲು ಬಿಟ್ಟಂಗೆ ಬಿಟ್ಟುಬಿಡ್ತೀರ. ಆ ನಿಲ್ಲೋದಿದೆಯಲ್ಲ, ಅದೇ ನಿಮ್ಮ ಪಾರ್ಟು. ಮಾತು ನಂದು. ಹೊತ್ತಿಗೆ ಸರಿಯಾಗಿ ಕೊಡ್ತೀನಿ.”

ಪಿಟೀಲಣ್ಣನಿಗೆ ಆಗುವುದಿಲ್ಲ ಎನ್ನಲು ಬಾಯಿ ತೆರೆದೆ. “ಬರ್ತೀನಿ,” ಎಂದಿತು ಪರದೆ.

“ಬರ್ತೀನಿ,” ಎಂದೆ.

ಮಾರ್ಚ್ 12, ಬುಧವಾರ

ರಿಹರ್ಸಲ್. ಮಗಳನ್ನು ಪರದೆಯ ಹಿಂದೆ ನಿಲ್ಲಿಸಿದೆ, ರಾಣಿಯಾಗಿ. ಕೈಯಲ್ಲಿ ಫೋನು, ಮುಖದಲ್ಲಿ ಆಕಳಿಕೆ. ಇಂಥ ರಾಣಿ ಯಾವ ರಾಜ್ಯಕ್ಕೂ ಬೇಡ.

“ಯಾರದು?”

ಬಿರುದು ಹೇಳಿದೆ. ಬೆಟ್ಟಗಳ ಹತ್ತಿರ ತಡವರಿಸಿದೆ, ಎಡಗಿವಿಗೆ ಬಂತು “ಮಂಡಿಯೂರಿಸಿದವನು”. ಗಾಜುಗಳು ನಡುಗಿದವು. ಮೇಲಿನ ಮನೆಯವರು ನೆಲ ಕುಟ್ಟಿದರು. ಚಪ್ಪಾಳೆ ಎಂದುಕೊಂಡೆ.

“ಯಾರದು?”

ನಿಂತೆ. ಕಾದೆ. ಕಿವಿ ಚಾಚಿದೆ. ಪರದೆಯ ಹಿಂದೆ ಮಗಳ ಉಸಿರು. ಬೇರೇನೂ ಇಲ್ಲ.

“ಅಪ್ಪಾ? ಅಪ್ಪಾ... ಅನ್ನ ತಣ್ಣಗಾಯ್ತು.”

ಮತ್ತೆ ಮಾಡಿದೆ. ಮತ್ತೆ. ಬಿರುದಿಗೆಲ್ಲ ಬರುತ್ತಾಳೆ. ಶನಿವಾರಕ್ಕೆ ಬರುತ್ತಾಳೆ. ಹಾಲಿನವನಿಗೆ ಎರಡು ಪ್ಯಾಕೆಟ್ ಎಂದು ಹೇಳಲು ಬರುತ್ತಾಳೆ. ಅಲ್ಲಿಗೆ ಮಾತ್ರ ಬರುವುದಿಲ್ಲ. ಬಾವಿಗೆ ಕಲ್ಲು ಹಾಕಿ ಸದ್ದಿಗೆ ಕಾದಂತೆ. ಸದ್ದೇ ಇಲ್ಲ.

ಊಟದ ಹೊತ್ತಿಗೆ ಮಗಳು ತಟ್ಟೆ ನೋಡಿಕೊಂಡೇ ಹೇಳಿದಳು.

“ನೀನು ಮಾತಾಡೋ ಮುಂಚೆ ಎಡಗಿವಿ ಆ ಕಡೆ ಕೊಡ್ತೀಯ ಅಪ್ಪಾ. ಡಿಸೆಂಬರಿಂದ. ನಾನು ನೋಡ್ತಾನೇ ಇದ್ದೀನಿ.”

“ಸೆಳೆತ. ಕುತ್ತಿಗೆ ನೋವು.”

“ಬೇಡಪ್ಪಾ ಈ ಶೋ. ಅಷ್ಟು ಜನರ ಮುಂದೆ ನಿಂತೇಬಿಟ್ರೆ?”

ಎಡಗಿವಿ ಪರದೆಯ ಕಡೆ ವಾಲಿತು. ಎತ್ತಿಕೊಡುವವರು ಇರಲಿಲ್ಲ.

ಮಾರ್ಚ್ 19, ಬುಧವಾರ

ಒಂದು ವಾರ ಬರೆಯಲಿಲ್ಲ. ಬರೆಯಲು ಏನೂ ಇರಲಿಲ್ಲ. ಶಾಲೆಯ ಆರ್ಡರು. ಮಾತಿಲ್ಲದೆ ಒತ್ತುವುದು, ಸುಲಿಯುವುದು.

ಇವತ್ತು ನಿಘಂಟು ಎತ್ತಿದೆ. ಕೆಂಪು ತುಂಡು ಅಂಗಾತ ಬಿದ್ದಿದೆ, ಸುರುಳಿ ಬಿಟ್ಟಿದೆ. ಕನ್ನಡಕ ಹಾಕಿದೆ. ಟೇಬಲ್ ಲ್ಯಾಂಪ್ ಬಗ್ಗಿಸಿದೆ. ಕೊಕ್ಕೆ ಹಿಡಿದೆ.

ಬಲತುದಿಯ ಕೆಳಮೂಲೆ ಸ್ವಲ್ಪ ಎದ್ದಿತ್ತು, ಅಲ್ಲಿಂದ ಶುರು. ಎಳೆದಷ್ಟೂ ಅಂಟು ಚರ್ರೆಂದು ಬಿಡುತ್ತದೆ. ಕನ್ನಡ ಅಕ್ಷರ ಕೀಳುವುದೆಂದರೆ ಮೀನಿನ ಮುಳ್ಳು ಬಿಡಿಸಿದಂತೆ. ಹೊಟ್ಟೆಯೊಳಗಿನ ಸುಳಿ, ತಲೆಯ ಮೇಲಿನ ಗುಡಿಸು. ಒಂದನ್ನು ಎತ್ತಲು ಹೋದರೆ ಇನ್ನೊಂದು ಹಿಂಬಾಲಿಸುತ್ತದೆ. ಅವಳು ಇದನ್ನು ಹಾಡು ಗುನುಗುತ್ತಾ ಮಾಡುತ್ತಿದ್ದಳು.

ಮಗಳು ಹೇಳಿದ್ದು ನಿಜ. ಅಂಟು ಬದಿಯಿಂದಲೇ ನೆಟ್ಟಗೆ ಓದಿಸುತ್ತಿದೆ. ಮಿರರ್ ಇಲ್ಲ. ಬಟ್ಟೆಗೆ ಒತ್ತಿದರೆ ಹಿಂದುಮುಂದು. ನನ್ನಂಥವನು ಮಾಡುವ ತಪ್ಪು, ಅವಳ ಕೈಯಲ್ಲಿ.

ಒಂದು ಪದ ಬಿಡಿಸಿದೆ.

“ತೆಗಿ.”

ಅಷ್ಟೇ. ಕೊನೆಯ ಪದ. ನಗು ಬಂತು. ತೆಗೆಯುತ್ತಾ ಇದ್ದೀನಲ್ಲ ಮಾರಾಯ್ತಿ! ಎಂದೆ ಗಟ್ಟಿಯಾಗಿ.

ನಗು ಕೋಣೆಯಲ್ಲೇ ಸ್ವಲ್ಪ ಹೊತ್ತು ಉಳಿಯಿತು. ಆಮೇಲೆ ಚೆನ್ನಾಗಿರಲಿಲ್ಲ. ಲ್ಯಾಂಪ್ ಆರಿಸಿದೆ.

ಮಾರ್ಚ್ 20, ಗುರುವಾರ. ಮಧ್ಯಾಹ್ನ

ಕೈ ತೊಳೆದುಕೊಂಡು ಬಂದು ಬರೆಯುತ್ತಿದ್ದೇನೆ. ತಣ್ಣೀರಿನಲ್ಲಿ.

ಮಗಳು ಡ್ಯೂಟಿಗೆ ಹೋದ ಮೇಲೆ ಕೂತೆ. ಎಡಕ್ಕೆ ಸರಿದೆ. “ಲು”. “ಗಿ”. ಆಮೇಲೆ “ಬಾ”. ಹಿಂದೆ ಸರಿದು ನೋಡಿದೆ. ಬಿಳಿ ಟೇಬಲ್ಲಿನ ಮೇಲೆ ರಕ್ತದ ಬಣ್ಣದಲ್ಲಿ—

“ಬಾಗಿಲು ತೆಗಿ.”

ಯಾರಿಗೂ ಮುದ್ರಿಸಿಕೊಡುವ ಮಾತಲ್ಲ. ಯಾವ ಶಾಲೆ, ಯಾವ ಅಂಗಡಿ, ಯಾವ ಟೀಮು ಅಂಗಿಯ ಮೇಲೆ ಇದನ್ನು ಹಾಕಿಸಿಕೊಳ್ಳುತ್ತದೆ? ದನಿ ಇಲ್ಲದವಳು, ಒಬ್ಬಳೇ ಕೂತು, ಇದನ್ನು ಕತ್ತರಿಸಿ, ಕೊಳವೆಯಲ್ಲಿ ಬಚ್ಚಿಟ್ಟಿದ್ದಾಳೆ. ಯಾರು ತೆಗೆಯಬೇಕು? ಯಾವ ಬಾಗಿಲು?

ನಾನು ನಾಟಕದವನು. ವೇದಿಕೆಯ ಮೇಲೆ ಎಷ್ಟೋ ಪ್ರೇತಗಳನ್ನು ಕತ್ತಿಯಲ್ಲಿ ಅಟ್ಟಿದ್ದೇನೆ; ಬಿಳಿ ಸೀರೆ, ಊದಿನ ಹೊಗೆ, ತಗಡಿನ ಗುಡುಗು. ಇಲ್ಲಿ ಉರಿಬಿಸಿಲ ಮಧ್ಯಾಹ್ನ. ಕೆಳಗೆ ಯಾರೋ ಸ್ಕೂಟರ್ ಒದೆಯುತ್ತಿದ್ದಾರೆ.

ಎದ್ದೆ. ಹೋಗಿ ಬಾಗಿಲು ತೆಗೆದೆ.

ಮೆಟ್ಟಿಲು. ಎದುರು ಮನೆಯ ಚಪ್ಪಲಿಗಳು. ಗೋಡೆಯ ಮೇಲೆ ಬಿಸಿಲಿನ ಪಟ್ಟಿ. ಯಾರೂ ಇಲ್ಲ. ಇದ್ದರೂ ಹೇಗೆ ಕಾಣುತ್ತಾಳೆ?

“ಬಾ,” ಎಂದೆ. ನನ್ನ ಗಂಟಲಿನಿಂದ ಅಷ್ಟು ಸಣ್ಣ ದನಿ ಬಂದದ್ದು ಇದೇ ಮೊದಲು.

ಹಿಂದೆ ಪರದೆ ಮೆಲ್ಲಗೆ ಅಲುಗಿತು. ಬಾಗಿಲು ತೆಗೆದರೆ ಗಾಳಿ ಬರುತ್ತದೆ. ಗೊತ್ತು. ಎಲ್ಲಾ ಗೊತ್ತು. ಮಗಳು ಬರುವವರೆಗೂ ಬಾಗಿಲು ಹೀಗೇ ತೆರೆದಿರಲಿ.

ಮಾರ್ಚ್ 22, ಶನಿವಾರ

ಮೂರ್ಖ! ಶತಮೂರ್ಖ! ದೊರೆಯಂತೆ ದೊರೆ!

ಮೇಲಿನ ಸಾಲು ಇವತ್ತು ಬಿಡಿಸಿದೆ. ಎರಡು ಪದ. “ನಾನೇ ಕಣೇ.” ಕೆಳಗೆ, “ಬಾಗಿಲು ತೆಗಿ.”

ತಡೆದು ನಿಂತೆ. ಕಣೇ ಎಂದು ಕರೆಯುವುದು ಅವಳಲ್ಲ. ಅವಳು ನನ್ನನ್ನು ರೀ ಎನ್ನುತ್ತಿದ್ದಳು. ಕಣೇ ಎನ್ನುವವನು ಗಂಡಸು. ಬಾಗಿಲ ಹೊರಗೆ ನಿಂತವನು. ಒಳಗೆ ಹೆಂಡತಿ ಇರುವವನು.

ಗಟ್ಟಿಯಾಗಿ ಓದಿದೆ. ನಾಲಿಗೆಗೆ ಗುರುತು ಸಿಕ್ಕಿತು. ತಲೆ ಮರೆತದ್ದನ್ನು ನಾಲಿಗೆ ಮರೆತಿರಲಿಲ್ಲ. ನೂರಾರು ಊರುಗಳ ಚಪ್ಪಾಳೆ ಒಮ್ಮೆಲೇ ಕಿವಿಗೆ ನುಗ್ಗಿತು.

ಇದು ನನ್ನ ಮಾತು! ರಾಜನ ಮಾತು! ಕಡಲು, ಬೆಟ್ಟ, ಬೆಂಕಿ ಎಲ್ಲಾ ಇಳಿಸಿಟ್ಟು, ಕೆಲಸ ಮುಗಿಸಿ ಬಂದ ಯಾವನೇ ಗಂಡ ಬಾಗಿಲಲ್ಲಿ ಹೇಳುವ ಮಾತು. ಅದಕ್ಕೇ ನನಗೆ ನೆನಪಿರುತ್ತಿರಲಿಲ್ಲ. ಅಷ್ಟು ಸಣ್ಣ ಮಾತಿಗೆ ನನ್ನ ಎದೆಯಲ್ಲಿ ಜಾಗವೇ ಇರಲಿಲ್ಲ.

ಆಗ ನೋಡುತ್ತೇನೆ, ಮೇಲಿನ ಸಾಲಿನ “ಣೇ”ಗೆ ಕೊನೆಯ ಸುಳಿ ಇಲ್ಲ! ದೀರ್ಘದ ಆ ಪುಟ್ಟ ಕೊಂಡಿ ಬೇರೆಯೇ ತುಂಡು, ಎಳೆಯುವಾಗ ಕಸದ ಜೊತೆ ಹೋಗಿದೆ. ಕಸದಬುಟ್ಟಿ ಸುರಿದೆ. ನೆಲಕ್ಕೆ ಮಂಡಿಯೂರಿದೆ. ಮೂರು ಬೆಟ್ಟಗಳು ನೋಡಿದ್ದರೆ ನಗುತ್ತಿದ್ದವು. ಇಡೀ ಮಧ್ಯಾಹ್ನ ಹುಡುಕಿದೆ. ಸಂಜೆ ಮಗಳು ಬಂದು ನೋಡಿ, “ಅಪ್ಪಾ, ಮೊಣಕೈಗೆ ಏನದು? ರಕ್ತ?” ಎಂದಳು.

ಅಲ್ಲಿತ್ತು. ಮಹಾರಾಜರ ಮೊಣಕೈಯಲ್ಲಿ, ಪದಕದ ಹಾಗೆ.

ಚಿಮುಟದಲ್ಲಿ ಎತ್ತಿ ಜಾಗಕ್ಕೆ ಕೂರಿಸಿದ್ದು ಮಗಳು. ಕೂರಿಸಿ ಓದಿದಳು.

ಮಾರ್ಚ್ 23, ಭಾನುವಾರ

ಎದ್ದೆ. ಹಲ್ಲುಜ್ಜಿದೆ. ಆ ಮಾತು ಹೇಳಿಕೊಳ್ಳೋಣವೆಂದು ಬಾಯಿ ತೆರೆದೆ.

ಇಲ್ಲ.

ಓಡಿ ಹೋಗಿ ಟೇಬಲ್ಲಿನ ಮೇಲೆ ನೋಡಿದೆ. ಹಾಂ. ಸರಿ. ಕಾಫಿ ಕುಡಿದೆ. ಮತ್ತೆ ಹೋಯಿತು! ಈ ತಲೆಯೋ, ಜರಡಿಯೋ!

ಮಗಳು ನಕ್ಕು ನಕ್ಕು ಬಾಗಿದಳು. ಆಮೇಲೆ ಗಂಭೀರವಾದಳು. “ಇರು, ನಾನು ಇದನ್ನ ಸರಿಯಾಗಿ ಮಿರರ್ ಹಾಕಿ ಮತ್ತೆ ಕತ್ತರಿಸ್ತೀನಿ. ಪಿಟೀಲು ಮಾಮನ ಅಂಗಿಗೆ ಒತ್ತೋಣ. ನೀನು ಅವರನ್ನ ನೋಡ್ಕೊಂಡು ಹೇಳು.”

ಪಿಟೀಲಣ್ಣನಿಗೆ ಫೋನ್ ಮಾಡಿದೆವು. “ನನ್ನ ಎದೆ ಮೇಲೆ ನಾನೇ ಕಣೇ ಅಂತ ಬರ್ಕೊಂಡು ಕೂತ್ರೆ ನನ್ನ ಹೆಂಡತಿ ಬಿಡ್ತಾಳಾ?” ಎಂದ. “ಅಲ್ಲದೆ ದೊರೆ, ನಿನಗಿಂತ ಮುಂಚೆ ಜನ ಓದ್ಬಿಡ್ತಾರೆ. ಆಮೇಲೆ ನೀನು ನಿಂತಿದ್ದಕ್ಕೆ ಏನು ಬೆಲೆ?”

ಸರಿಯೇ. ಜನ ಓದಬಾರದು. ನಾನು ಮಾತ್ರ ಓದಬೇಕು. ಹೊತ್ತಿಗೆ ಸರಿಯಾಗಿ, ಮುಂಚೆಯೂ ಅಲ್ಲ.

ಮಗಳು ತುಂಡನ್ನು ಕೈಯಲ್ಲಿ ಹಿಡಿದಿದ್ದಳು. “ಪಾಪ, ಅಮ್ಮ. ಇಷ್ಟು ಕಷ್ಟಪಟ್ಟು ಕತ್ತರಿಸಿ, ಮಿರರ್ ಒಂದು ಮರೆತಳು.”

ಪರದೆಯ ಕಡೆಯಿಂದ ಎರಡು ಚಪ್ಪಾಳೆ. ಮೆಲ್ಲಗೆ. ಇಲ್ಲ, ಇಲ್ಲ.

ಮಗಳಿಗೆ ಕೇಳಿಸಲಿಲ್ಲ. ನಾನು ಕುತ್ತಿಗೆ ನೀವಿಕೊಂಡೆ.

ಮಾರ್ಚ್ 28, ಶುಕ್ರವಾರ

ಹಾಲ್‌ಗೆ ಹೋಗಿದ್ದೆವು. ಮುಖಕ್ಕೆ ಬಣ್ಣ ಹಚ್ಚಿ ನೋಡುವ ಟ್ರಯಲ್. ಸೀಟುಗಳನ್ನು ಅರ್ಧ ಕಿತ್ತಿದ್ದಾರೆ. ನೆಲದಲ್ಲಿ ಬೋಲ್ಟಿನ ತೂತುಗಳು. ಗ್ರೀನ್ ರೂಮಿನ ಕನ್ನಡಿ ಮಾತ್ರ ಹಾಗೇ ಇದೆ. ಸುತ್ತಲೂ ಬಲ್ಬು, ಮೂಲೆಯಲ್ಲಿ ಪಾದರಸ ಕಳಚಿದ ಕಲೆ. ಅದರ ಮುಂದೆ ಎಷ್ಟು ರಾಜರು ಹುಟ್ಟಿ ಸತ್ತರೋ.

ಮಗಳು ಚೀಲದಿಂದ ಒಂದು ಬಿಳಿ ಅಂಗಿ ತೆಗೆದಳು.

“ಇದು ಯಾರ ಆರ್ಡರೋ ಗೊತ್ತಿಲ್ಲ ಅಪ್ಪಾ, ಶೆಲ್ಫಿನ ತಳದಲ್ಲಿತ್ತು. ಚೀಟಿ ಇಲ್ಲ. ಹಿಂದೆ ಕಟ್ಟೋ ದಾರ ಇದೆ, ಆಸ್ಪತ್ರೆ ಗೌನ್ ತರ. ಬಣ್ಣ ಹಚ್ಕೊಳ್ಳುವಾಗ ಮೇಲೆ ಹಾಕ್ಕೋ, ಡ್ರೆಸ್ಸಿಗೆ ಬೀಳಲ್ಲ.”

ಆಸ್ಪತ್ರೆಯದಲ್ಲ. ಬಣ್ಣದ ಅಂಗಿ! ಕಂಪನಿಯಲ್ಲಿ ನಾವೆಲ್ಲ ಹಾಕುತ್ತಿದ್ದುದು ಇದನ್ನೇ. ತಲೆಯ ಮೇಲಿಂದ ತೆಗೆದರೆ ಬಣ್ಣ ಕೆಡುತ್ತದೆಂದು ಹಿಂದೆ ಕಟ್ಟುವುದು. ನನ್ನದು ಹರಿದು ಎಷ್ಟೋ ವರ್ಷ. ಇದು ಹೊಸದು. ಅವಳ ಹೊಲಿಗೆ. ನನ್ನ ಹೊಟ್ಟೆಯ ಅಳತೆ ಬೇರೆ ಯಾರಿಗೆ ಗೊತ್ತು?

ತೊಟ್ಟೆ. ಕನ್ನಡಿಯ ಮುಂದೆ ಕೂತೆ. ಕುತ್ತಿಗೆಯಿಂದ ನಾಲ್ಕು ಬೆರಳು ಕೆಳಗೆ, ನಟ್ಟನಡುವೆ, ನೀಲಿ ಚಾಕಿನ ಒಂದು ಪುಟ್ಟ ಗೀಟು. ಅವಳು ಅಕ್ಷರ ಎಲ್ಲಿ ಕೂರಬೇಕೆಂದು ಎಲ್ಲಾ ಅಂಗಿಗೂ ಹಾಕುತ್ತಿದ್ದ ಗೀಟು. ಇಲ್ಲಿ ಗೀಟು ಇದೆ, ಅಕ್ಷರ ಇಲ್ಲ.

ಅರ್ಧ ಬಣ್ಣ ಹಚ್ಚಿ ತಲೆ ಎತ್ತಿದೆ. ನನ್ನ ಬೆನ್ನ ಹಿಂದಿನ ಗೋಡೆಯಲ್ಲಿ ಸದ್ದು ಮಾಡಬೇಡಿ ಎಂಬ ಬೋರ್ಡು. ಕನ್ನಡಿಯಲ್ಲಿ ಅದು ಹಿಂದುಮುಂದು. ಓದಲಾಗದು. ನೆಟ್ಟಗೆ ಬರೆದದ್ದೆಲ್ಲ ಇಲ್ಲಿ ಉಲ್ಟಾ. ಉಲ್ಟಾ ಇದ್ದದ್ದು—

ಕೋಚ್‌ನ ಮಾತು ಕಪಾಳಕ್ಕೆ ಹೊಡೆದ ಹಾಗೆ ನೆನಪಾಯಿತು. ಕನ್ನಡಿ ಮುಂದೆ ನಿಂತ್ಕೊಂಡು ಆಡ್ಬೇಕಾ?

ಹೌದಪ್ಪಾ, ಹೌದು! ನಾನು ಕನ್ನಡಿಯ ಮುಂದೆಯೇ ಕೂರುವವನು! ತೆರೆ ಏಳುವ ಮೂರನೇ ಬೆಲ್ ಹೊಡೆಯುವವರೆಗೆ! ಆ ಕೆಂಪು ಮಾತನ್ನು ಈ ಅಂಗಿಗೆ ಒತ್ತಿದರೆ ಬೇರೆಯವರಿಗೆ ಅರ್ಥವಾಗದ ಗೀಚು, ಕನ್ನಡಿಯಲ್ಲಿ ನನ್ನೊಬ್ಬನ ಕಣ್ಣಿಗೆ ನೆಟ್ಟಗೆ. ಮೂರನೇ ಬೆಲ್‌ಗೆ ಅಂಗಿ ಬಿಚ್ಚಿ, ಕಿರೀಟ ಇಟ್ಟು, ಹೊರಗೆ ಹೋಗಬೇಕು. ಬಾಯಲ್ಲಿ ಬಿಸಿಬಿಸಿಯಾಗಿ ಆ ಮಾತು. ಜಾರಿ ಹೋಗುವಷ್ಟು ಹೊತ್ತೂ ಇಲ್ಲ.

ದನಿ ಹೋದ ಮೇಲೂ ಅವಳು ಡ್ಯೂಟಿ ಬಿಟ್ಟಿರಲಿಲ್ಲ. ಮರೆತೂ ಇರಲಿಲ್ಲ. ವಿಂಗ್‌ನಿಂದ ಎದ್ದು ಬಂದು ಕನ್ನಡಿಯೊಳಗೆ ನಿಂತಿದ್ದಳು. ಅಂಗಿ ಮುಗಿಯಲಿಲ್ಲ, ಅಷ್ಟೇ. ಹೊತ್ತು ಸಾಲಲಿಲ್ಲ.

“ಅಪ್ಪಾ, ಬಣ್ಣ ಇಳೀತಿದೆ. ಕಣ್ಣು ಒರೆಸ್ಕೋ.”

“ಅವಳು ಮರೆತಿಲ್ಲ ಕಣಮ್ಮ,” ಎಂದೆ. ಎಡಗಡೆ ನೋಡಲಿಲ್ಲ. ಯಾರೂ ಎತ್ತಿಕೊಡಲಿಲ್ಲ. ನನ್ನದೇ ಮಾತು. ಎಲ್ಲಾ ಹೇಳಿದೆ. ಗೀಟು ತೋರಿಸಿದೆ, ಬೋರ್ಡು ತೋರಿಸಿದೆ. ಮಗಳು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಾ ನಿಂತಳು. ಆಮೇಲೆ ನನ್ನ ಎಡಗಿವಿಯನ್ನು ಮೆಲ್ಲಗೆ ಹಿಂಡಿದಳು.

ಮಾರ್ಚ್ 29, ಶನಿವಾರ. ಸಂಜೆ, ದೀಪ ಹಾಕುವ ಹೊತ್ತು

ಮಗಳು ತರಕಾರಿಗೆ ಹೋಗಿದ್ದಾಳೆ. ಕೆಂಪು ತುಂಡು ಟೇಬಲ್ಲಿನ ಮೇಲಿದೆ. ಬಿಳಿ ಅಂಗಿ ಪಕ್ಕದಲ್ಲಿದೆ.

ಇವತ್ತೇ ಒತ್ತೋಣವೆಂದು ಪ್ರೆಸ್‌ನ ಸ್ವಿಚ್ಚಿಗೆ ಕೈ ಇಟ್ಟೆ. ತೆಗೆದೆ. ಒಂದೇ ತುಂಡು. ಬಿಸಿ ಹೆಚ್ಚಾದರೆ ಸುಡುತ್ತದೆ, ಕಡಿಮೆಯಾದರೆ ಏಳುತ್ತದೆ. ಮಗಳು ಹೊಸದು ಕತ್ತರಿಸಿಕೊಟ್ಟಾಳು. ಅದು ಮಗಳದ್ದಾಗುತ್ತದೆ.

ಎರಡು ದಿನದಿಂದ ಪರದೆ ಸುಮ್ಮನಿದೆ. ಹಾಲಿನವನ ಹತ್ತಿರ ನಾನೇ ಲೆಕ್ಕ ಹೇಳಿದೆ. ತಪ್ಪಾಗಿಯೇ ಹೇಳಿದೆ. ಪರವಾಗಿಲ್ಲ. ಮುಗಿಯಿತು, ಹೊರಟಳು ಎಂದುಕೊಂಡೆ. ಮನೆ ದೊಡ್ಡದಾದಂತೆ ಅನಿಸಿತು. ಪ್ರದರ್ಶನ ಮುಗಿದ ಹಾಲ್ ಹಾಗೆ.

ಈಗಷ್ಟೇ, ಇದನ್ನು ಬರೆಯುವಾಗ, ಎಡಗಡೆಯಿಂದ ಬಂತು.

ನನ್ನ ಮಾತಲ್ಲ. ಯಾವತ್ತೂ ನನ್ನ ಮಾತನ್ನು ಎತ್ತಿಕೊಡುವವಳು. ಇದು ಬೇರೆ ಪಾರ್ಟಿನದು. ಒಳಗೆ ಇರುವವಳದು.

“ಯಾರದು?”

ಪೆನ್ನು ನಿಂತಿತು. ಉತ್ತರ ಕಣ್ಣೆದುರೇ ಕೆಂಪಗೆ ಬಿದ್ದಿದೆ, ಓದಿದರೆ ಸಾಕು. ಓದಲಿಲ್ಲ. ನಿಂತೆ. ಅವಳು ಕಲಿಸಿದ ಹಾಗೆ, ಸುಮ್ಮನೆ, ಉದ್ದಕ್ಕೆ. ಈ ಸಲ ಮರೆತು ನಿಂತದ್ದಲ್ಲ. ಪರದೆ ಅಲುಗಲಿಲ್ಲ. ಅವಳೂ ಕಾಯುತ್ತಿದ್ದಾಳೆ.

ಕಾಯಿ, ಮಾರಾಯ್ತಿ. ಇನ್ನೊಂದು ಬೆಳಗಾಗಲಿ.

ನಾಳೆ ಬೆಳಿಗ್ಗೆ ಎದ್ದವನೇ ಪ್ರೆಸ್ ಕಾಯಿಸುತ್ತೇನೆ. ಅಂಗಿಯನ್ನು ಒಮ್ಮೆ ಬರಿದೇ ಒತ್ತಿ ತೇವ ಓಡಿಸುತ್ತೇನೆ. ನೀಲಿ ಗೀಟಿಗೆ ಸರಿಯಾಗಿ ಅಕ್ಷರ ಕೂರಿಸುತ್ತೇನೆ, ತಿರುಗಿಸುವುದಿಲ್ಲ. ಬೀಪ್ ಎಂದರೂ ಆತುರ ಪಡುವುದಿಲ್ಲ. ತಣ್ಣಗಾಗಲು ಬಿಡುತ್ತೇನೆ. ಹಾಳೆ ಸುಲಿಯುತ್ತೇನೆ. ತೊಟ್ಟು, ಬೀರುವಿನ ಕನ್ನಡಿಯ ಮುಂದೆ ನಿಂತು, ಒಂದೇ ಒಂದು ಸಲ ಓದುತ್ತೇನೆ. ಆಮೇಲೆ ಮನೆಯಿಂದ ಹೊರಗೆ ಹೋಗಿ, ಬಾಗಿಲು ಎಳೆದುಕೊಂಡು, ಮೆಟ್ಟಿಲ ಮೇಲೆ ನಿಂತು, ಮೇಲಿನ ಮನೆಯವರು ಕುಟ್ಟಿದರೆ ಕುಟ್ಟಲಿ, ಬಾಗಿಲು ತಟ್ಟುತ್ತೇನೆ. ಒಳಗಿನಿಂದ ಕೇಳಿದಾಗ, ಬಿರುದು ಒಂದನ್ನೂ ಹೇಳದೆ, ನನ್ನದೇ ದನಿಯಲ್ಲಿ—